ಮಾದರಿ ವಿಮಾನದ ಮರೆಬಣ್ಣ: 'ಸರಿಯಾದ ಬಣ್ಣ' ಅನ್ನುವುದು ಒಂದೇ ಇದೆಯೇ?

ಅಂಗೈ ಮೇಲೆ ಕೂರುವಷ್ಟು ಪುಟ್ಟ ಸ್ಪಿಟ್‌ಫೈರ್ ವಿಮಾನವೊಂದನ್ನು ಊಹಿಸಿಕೊಳ್ಳಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 15.6 ಸೆಂ.ಮೀ. ಮೇಲ್ಭಾಗದಲ್ಲಿ ಹಸಿರು ಮತ್ತು ಕಂದು ಬಣ್ಣದ ಅಲೆಯಂಥ ಪಟ್ಟೆಗಳು, ಕೆಳಗೆ ತಿಳಿಹಸಿರು. ವಾರಗಟ್ಟಲೆ ಕೂತು ಬಣ್ಣ ಹಚ್ಚಿ ಯಾರಿಗಾದರೂ ತೋರಿಸಿದರೆ ಮೊದಲು ಕೇಳಿಬರುವ ಮಾತು, "ಚೆನ್ನಾಗಿದೆ, ಆದರೆ ಹಸಿರು ಸ್ವಲ್ಪ ಗಾಢವಾಯಿತಲ್ಲ?"

ಹಾಗಾದರೆ ಸರಿಯಾದ ಹಸಿರು ಯಾವುದು? ಡಬ್ಬಿಯ ಮೇಲೆ ಬರೆದಿರುವುದೇ? ಹಳೆಯ ಫೋಟೋದಲ್ಲಿ ಕಾಣುವುದೇ? ಮ್ಯೂಸಿಯಂನಲ್ಲಿ ನಿಂತಿರುವ ವಿಮಾನದ್ದೇ? ಮಾದರಿ ವಿಮಾನ ಕಟ್ಟುವವರ ನಡುವೆ ಈ ಬಗ್ಗೆ ಹಲವು ನಂಬಿಕೆಗಳಿವೆ. ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ತಪ್ಪು. ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ಪಿಟ್‌ಫೈರ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ, 1/72 ಅಂದರೇನು?

ನಿಜವಾದ ವಿಮಾನದ ಪ್ರತಿ ಅಳತೆಯನ್ನೂ 72ರಿಂದ ಭಾಗಿಸಿ ಮಾಡಿದ ಮಾದರಿ ಎಂದರ್ಥ. ಈ ವಿಚಿತ್ರ ಸಂಖ್ಯೆ ಬಂದದ್ದು ಅಡಿ–ಅಂಗುಲದ ಲೆಕ್ಕದಿಂದ. ಆರು ಅಡಿ ಎಂದರೆ 72 ಅಂಗುಲ. ಹಾಗಾಗಿ ಆರು ಅಡಿ ಎತ್ತರದ ಪೈಲಟ್ ಈ ಮಾದರಿಯಲ್ಲಿ ಒಂದು ಅಂಗುಲ ಎತ್ತರವಿರುತ್ತಾನೆ. 1/48 ಮತ್ತು 1/32 ಕೂಡ ಚಾಲ್ತಿಯಲ್ಲಿರುವ ಅಳತೆಗಳೇ. ಭಾಜಕ ಚಿಕ್ಕದಾದಷ್ಟೂ ಮಾದರಿ ದೊಡ್ಡದು.

ಈ 72 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಹಲವು ಗೊಂದಲಗಳನ್ನು ಬಿಡಿಸಲು ಇದೇ ಸಾಕು.

ನಂಬಿಕೆ 1: ಮರೆಬಣ್ಣ ಇರುವುದು ವಿಮಾನವನ್ನು ಆಕಾಶದಲ್ಲಿ ಅಡಗಿಸಲು

ಇದು ಅರ್ಧ ನಿಜ. ಹಸಿರು–ಕಂದು ಪಟ್ಟೆ ಆಕಾಶದಲ್ಲಿ ಅಡಗಲು ಅಲ್ಲವೇ ಅಲ್ಲ. ಆಕಾಶ ಹಸಿರೂ ಅಲ್ಲ, ಕಂದೂ ಅಲ್ಲ. ಮೇಲಿನಿಂದ ನೋಡುವ ಶತ್ರು ಪೈಲಟ್‌ಗೆ ಕೆಳಗಿನ ಹೊಲ, ಬೇಲಿ, ಮಣ್ಣಿನ ನಡುವೆ ವಿಮಾನದ ಆಕಾರ ಗೊತ್ತಾಗಬಾರದು ಎಂಬುದು ಅದರ ಉದ್ದೇಶ. ವಿಮಾನ ನೆಲದ ಮೇಲೆ ನಿಂತಿರುವಾಗ ಇದು ಹೆಚ್ಚು ಉಪಯುಕ್ತ. ಹಾರುವಾಗ ಚಲನೆ, ಗಾಜಿನ ಮಿನುಗು, ನೆಲದ ಮೇಲೆ ಓಡುವ ನೆರಳು ಎಲ್ಲವೂ ಗುಟ್ಟು ಬಿಟ್ಟುಕೊಡುತ್ತವೆ.

ಇದರ ಹಿಂದೆ ಎರಡು ತತ್ವಗಳಿವೆ, ಎರಡೂ ಪ್ರಾಣಿಗಳಿಂದ ಕಲಿತವು. ಮೊದಲನೆಯದು ಆಕಾರ ಒಡೆಯುವುದು. ಚಿರತೆಯ ಮೈಮೇಲಿನ ಚುಕ್ಕೆಗಳ ಹಾಗೆ, ಪಟ್ಟೆಗಳು ದೇಹದ ಅಂಚನ್ನು ತುಂಡರಿಸಿದರೆ ಕಣ್ಣಿಗೆ ಇಡೀ ಆಕಾರ ಸಿಕ್ಕುವುದಿಲ್ಲ. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್ 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಎರಡನೆಯದು ಮೇಲೆ ಗಾಢ, ಕೆಳಗೆ ತಿಳಿ. ಬೆಳಕು ಮೇಲಿನಿಂದ ಬೀಳುವುದರಿಂದ ಯಾವುದೇ ವಸ್ತುವಿನ ಹೊಟ್ಟೆಯ ಭಾಗ ನೆರಳಾಗಿ ಕಾಣುತ್ತದೆ. ಅಲ್ಲಿ ತಿಳಿಬಣ್ಣವಿದ್ದರೆ ಆ ನೆರಳು ಕಡಿಮೆಯಾಗಿ ವಸ್ತು ಚಪ್ಪಟೆಯಾದಂತೆ ಕಾಣುತ್ತದೆ. ಜಿಂಕೆ, ಮೀನುಗಳ ಹೊಟ್ಟೆ ಬೆಳ್ಳಗಿರುವುದನ್ನು ನೋಡಿದ್ದೀರಲ್ಲ? ಅಮೆರಿಕದ ಚಿತ್ರಕಾರ ಅಬಟ್ ಥೇಯರ್ ಈ ಬಗ್ಗೆ 1896ರಲ್ಲೇ ಬರೆದಿದ್ದರು.

ಕೆಳಗಿನಿಂದ ನೋಡುವವರಿಗೆ ಮಾತ್ರ ಬೇರೆಯೇ ಸಮಸ್ಯೆ. ಎಷ್ಟೇ ಬಿಳಿ ಬಳಿದರೂ ಬೆಳಗುತ್ತಿರುವ ಆಕಾಶದ ಎದುರು ವಿಮಾನ ಕಪ್ಪಗೇ ಕಾಣುತ್ತದೆ. ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸಬಲ್ಲದು. ಇದಕ್ಕೆ ಉತ್ತರವಾಗಿ ಅಮೆರಿಕನ್ನರು ಯುದ್ಧದ ಕೊನೆಯ ವರ್ಷಗಳಲ್ಲಿ ಅವೆಂಜರ್ ವಿಮಾನದ ಮುಂಭಾಗಕ್ಕೆ ದೀಪಗಳನ್ನೇ ಕೂರಿಸಿ ಪರೀಕ್ಷಿಸಿದರು. ದೀಪವಿಲ್ಲದಾಗ ಸುಮಾರು 19 ಕಿ.ಮೀ. ದೂರದಿಂದ ಕಾಣುತ್ತಿದ್ದ ವಿಮಾನ, ದೀಪ ಹೊತ್ತಿಸಿದಾಗ 3 ಕಿ.ಮೀ.ಗಿಂತ ಹತ್ತಿರ ಬರುವವರೆಗೆ ಕಾಣಲಿಲ್ಲ. ಬಣ್ಣದ ಶಕ್ತಿಗೆ ಮಿತಿ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನೊಂದು ಸ್ವಾರಸ್ಯ. ಯುದ್ಧದ ಆರಂಭದಲ್ಲಿ ಬ್ರಿಟಿಷ್ ಫೈಟರ್ ವಿಮಾನಗಳ ಕೆಳಭಾಗದ ಅರ್ಧಕ್ಕೆ ಕಪ್ಪು, ಇನ್ನರ್ಧಕ್ಕೆ ಬಿಳಿ ಬಳಿಯುತ್ತಿದ್ದರು. ಅಡಗಲು ಅಲ್ಲ, ಕಾಣಲು! ನೆಲದಲ್ಲಿದ್ದ ತಮ್ಮದೇ ವೀಕ್ಷಕರು ಮತ್ತು ಫಿರಂಗಿಯವರು "ಇದು ನಮ್ಮದು" ಎಂದು ಗುರುತಿಸಲಿ ಎಂದು. 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಡಲತೀರದಲ್ಲಿ ಇಳಿದು ಮರಳಲ್ಲಿ ಹೂತುಹೋಗಿದ್ದ ಎನ್3200 ಎಂಬ ಸ್ಪಿಟ್‌ಫೈರ್ ಅನ್ನು ದಶಕಗಳ ನಂತರ ಹೊರತೆಗೆದು, ಮತ್ತೆ ಹಾರುವ ಸ್ಥಿತಿಗೆ ತಂದಿದ್ದಾರೆ. ಅದರ ಕೆಳಭಾಗದಲ್ಲಿ ಈಗಲೂ ಈ ಕಪ್ಪು–ಬಿಳಿ ವಿನ್ಯಾಸವನ್ನು ನೋಡಬಹುದು.

ನಂಬಿಕೆ 2: ಪ್ರತಿ ವಿಮಾನಕ್ಕೂ ಒಂದೇ ನಿಗದಿತ ಬಣ್ಣ ಇತ್ತು

ನಿಯಮ ಇತ್ತು ನಿಜ. 'ಡಾರ್ಕ್ ಗ್ರೀನ್' ಮತ್ತು 'ಡಾರ್ಕ್ ಅರ್ತ್' ಎಂಬ ಎರಡು ಬಣ್ಣಗಳು, ಅವನ್ನು ಎಲ್ಲಿ ಹಚ್ಚಬೇಕೆಂಬ ನಕ್ಷೆ, ಎಲ್ಲವನ್ನೂ ವಾಯುಸೇನಾ ಇಲಾಖೆ ಕೊಟ್ಟಿತ್ತು. 'ಎ' ಮತ್ತು 'ಬಿ' ಎಂಬ ಎರಡು ನಕ್ಷೆಗಳಿದ್ದವು. ಒಂದು ಇನ್ನೊಂದರ ಕನ್ನಡಿ ಬಿಂಬ. ಎರಡನ್ನೂ ಬಳಸಿದ್ದರಿಂದ ಸಾಲಾಗಿ ನಿಂತ ವಿಮಾನಗಳು ಒಂದೇ ಥರ ಕಾಣುತ್ತಿರಲಿಲ್ಲ.

ಆದರೆ ನಿಯಮಕ್ಕೂ ಬಣ್ಣದ ಡಬ್ಬಿಗೂ ನಡುವೆ ಯುದ್ಧ ನಡೆಯುತ್ತಿತ್ತು. 1940ರ ಜೂನ್‌ನಲ್ಲಿ, ಕೆಳಭಾಗಕ್ಕೆ ಕಪ್ಪು–ಬಿಳಿ ಬಿಟ್ಟು 'ಸ್ಕೈ' ಎಂಬ ತಿಳಿಹಸಿರು ಬಣ್ಣ ಹಚ್ಚಿ ಎಂಬ ಆದೇಶ ಬಂತು. ಆದೇಶ ಬಂದಷ್ಟು ಬೇಗ ಬಣ್ಣ ಬರಲಿಲ್ಲ. ಸ್ಕ್ವಾಡ್ರನ್‌ಗಳು ಕೈಯಲ್ಲಿದ್ದ ಬಣ್ಣಗಳನ್ನೇ ಬೆರೆಸಿ ಹಚ್ಚಿಕೊಂಡವು. ಹೀಗಾಗಿ ಆ ಬೇಸಿಗೆಯ ಸ್ಪಿಟ್‌ಫೈರ್‌ಗಳ ಹೊಟ್ಟೆ ಕೆಲವು ಕಡೆ ಹಸಿರು ಮಿಶ್ರಿತ, ಕೆಲವು ಕಡೆ ನೀಲಿ ಮಿಶ್ರಿತ.

1941ರ ಆಗಸ್ಟ್‌ನಲ್ಲಿ ಮತ್ತೊಂದು ಬದಲಾವಣೆ. ಕಾಳಗ ಹೆಚ್ಚಾಗಿ ಸಮುದ್ರದ ಮೇಲೆ, ಹೆಚ್ಚು ಎತ್ತರದಲ್ಲಿ ನಡೆಯತೊಡಗಿದ್ದರಿಂದ ಕಂದು ಬಣ್ಣ ಉಪಯೋಗಕ್ಕೆ ಬರಲಿಲ್ಲ. ಅದರ ಜಾಗಕ್ಕೆ 'ಓಶನ್ ಗ್ರೇ' ಎಂಬ ಬೂದು ಬಂತು. ಅದೂ ಸಾಕಷ್ಟು ಸಿಗುವವರೆಗೆ, ಏಳು ಪಾಲು 'ಮೀಡಿಯಂ ಸೀ ಗ್ರೇ'ಗೆ ಒಂದು ಪಾಲು ಕಪ್ಪು ಬೆರೆಸಿ ಬಳಸಿ ಎಂದು ಇಲಾಖೆಯೇ ಹೇಳಿತು. ಬಕೆಟ್ಟಿನಲ್ಲಿ ಏಳಕ್ಕೆ ಒಂದರಂತೆ ಬೆರೆಸುವಾಗ ಪ್ರತಿ ಸಲವೂ ಒಂದೇ ಬೂದು ಬರುತ್ತದೆಯೇ? ಮನೆಗೆ ಸುಣ್ಣಬಣ್ಣ ಮಾಡಿಸಿದವರಿಗೆ ಉತ್ತರ ಗೊತ್ತು. ಎರಡನೇ ಬಕೆಟ್ ಮೊದಲನೆಯದರಂತೆ ಇರುವುದಿಲ್ಲ.

ಹಾಗೆಂದು 'ಯಾವ ಬಣ್ಣವಾದರೂ ನಡೆಯುತ್ತದೆ' ಎಂದೂ ಅಲ್ಲ. 1940ರ ಜುಲೈ ತಿಂಗಳ ಸ್ಪಿಟ್‌ಫೈರ್‌ಗೆ ಓಶನ್ ಗ್ರೇ ಹಚ್ಚಿದರೆ ಅದು ತಪ್ಪೇ. ಅಂದರೆ 'ಸರಿ' ಎಂಬುದು ಒಂದು ಚುಕ್ಕೆಯಲ್ಲ, ಒಂದು ಹರವು. ಆ ಹರವಿಗೆ ಗಡಿ ಇದೆ. ಗಡಿಯನ್ನು ಹೇಳುವುದು ದಿನಾಂಕ.

ನಂಬಿಕೆ 3: ಹಳೆಯ ಫೋಟೋ ಸುಳ್ಳು ಹೇಳುವುದಿಲ್ಲ

ಸಂವಹನ ಓದಿದ ನನಗೆ ಈ ಹವ್ಯಾಸದಲ್ಲಿ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ ವಿಷಯ ಇದು. ಆ ಕಾಲದ ಬಹುಪಾಲು ಫೋಟೋಗಳು ಕಪ್ಪು–ಬಿಳುಪು. ಕಪ್ಪು–ಬಿಳುಪು ಫಿಲ್ಮ್‌ನಲ್ಲೂ ಎರಡು ಬಗೆ. ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬೆಳಕು ಕಾಣುವುದಿಲ್ಲ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಎಲ್ಲ ಬಣ್ಣಗಳಿಗೂ ಸ್ಪಂದಿಸುತ್ತದೆ. ಬ್ರಿಟಿಷ್ ವಿಮಾನದ ಪಕ್ಕದಲ್ಲಿನ ವೃತ್ತ ಚಿಹ್ನೆಯ ಸುತ್ತ ಹಳದಿ ಬಳೆ ಇರುತ್ತಿತ್ತು. ಮೊದಲ ಬಗೆಯ ಫಿಲ್ಮ್‌ನಲ್ಲಿ ಅದೇ ಹಳದಿ ಗಾಢ ಬೂದಾಗಿ ಕಾಣುತ್ತದೆ, ಎರಡನೆಯದರಲ್ಲಿ ತಿಳಿಯಾಗಿ ಕಾಣುತ್ತದೆ. ವಿಮಾನ ಒಂದೇ, ಬಣ್ಣ ಒಂದೇ, ಸಾಕ್ಷಿ ಮಾತ್ರ ಎರಡು!

ಬಣ್ಣದ ಫೋಟೋ ಸಿಕ್ಕರೆ? ಅದೂ ಪೂರ್ತಿ ಭರವಸೆಯದಲ್ಲ. ಫಿಲ್ಮ್‌ನ ಬಣ್ಣ ಕಾಲ ಕಳೆದಂತೆ ಬದಲಾಗುತ್ತದೆ. ಮುದ್ರಿಸುವಾಗ, ಸ್ಕ್ಯಾನ್ ಮಾಡುವಾಗ, ನಿಮ್ಮ ಮೊಬೈಲ್ ಪರದೆಯಲ್ಲಿ ತೆರೆಯುವಾಗ ಒಂದೊಂದು ಹಂತದಲ್ಲೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಮಕ್ಕಳು ಸಾಲಾಗಿ ಕೂತು ಕಿವಿಯಿಂದ ಕಿವಿಗೆ ಪಿಸುಗುಟ್ಟುವ ಆಟದಲ್ಲಿ ಕೊನೆಯವರಿಗೆ ತಲುಪುವ ಮಾತಿನಂತೆ.

ಇತ್ತೀಚೆಗೆ ಇನ್ನೊಂದು ಅಪಾಯ ಸೇರಿದೆ: ಕಂಪ್ಯೂಟರ್ ಬಣ್ಣ ತುಂಬಿದ ಹಳೆಯ ಫೋಟೋಗಳು. ನೋಡಲು ಎಷ್ಟು ಸಹಜವಾಗಿರುತ್ತವೆ ಎಂದರೆ ಅದು ದಾಖಲೆ ಎಂದೇ ಅನ್ನಿಸಿಬಿಡುತ್ತದೆ. ಆದರೆ ಕಪ್ಪು–ಬಿಳುಪು ಫೋಟೋದಲ್ಲಿ ಬಣ್ಣದ ಮಾಹಿತಿಯೇ ಇಲ್ಲ. ಸಾಫ್ಟ್‌ವೇರ್ ಹಾಕಿದ್ದು ಊಹೆ. ಆ ಊಹೆಯನ್ನು ನೋಡಿ ಮಾದರಿಗೆ ಬಣ್ಣ ಹಚ್ಚುವುದು, ಆ ಮಾದರಿಯ ಫೋಟೋ ನೋಡಿ ಇನ್ನೊಬ್ಬರು ಹಚ್ಚುವುದು. ತಪ್ಪು ಮಾಹಿತಿ ಹರಡುವ ಬಗೆಯೇ ಇದು, ಇಲ್ಲಿ ಬಣ್ಣದ ರೂಪದಲ್ಲಿದೆ ಅಷ್ಟೆ.

ಫೋಟೋ ಚೆನ್ನಾಗಿ ಹೇಳುವುದು ಬೇರೆಯದನ್ನು: ಪಟ್ಟೆಯ ಆಕಾರ ಎಲ್ಲಿ ತಿರುಗಿದೆ, ಅಂಚು ಚೂಪಾಗಿದೆಯೇ ಮಸುಕಾಗಿದೆಯೇ, ಚಿಹ್ನೆ ಎಲ್ಲಿದೆ, ಬಣ್ಣ ಎಲ್ಲಿ ಕಿತ್ತು ಹೋಗಿದೆ. ಇದಕ್ಕೆ ಫೋಟೋವನ್ನು ನಂಬಿ. ಹಸಿರು ಎಷ್ಟು ಹಸಿರು ಎಂಬುದಕ್ಕೆ ಬೇಡ.

ನಂಬಿಕೆ 4: ಮ್ಯೂಸಿಯಂ ವಿಮಾನ ನೋಡಿ ಹಚ್ಚಿದರೆ ತಪ್ಪಾಗದು

ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲಿ ನಿಂತಿರುವ ಎಚ್‌ಎಫ್-24 ಮರುತ್ ಅನ್ನು ಶಾಲೆಯ ಪ್ರವಾಸದಲ್ಲಿ ನೋಡಿದವರು ಬಹಳ ಮಂದಿ. ಕುರ್ಟ್ ಟ್ಯಾಂಕ್ ಅವರ ತಂಡ ವಿನ್ಯಾಸ ಮಾಡಿ, ಎಚ್‌ಎಎಲ್ ಕಟ್ಟಿ, 1961ರ ಜೂನ್‌ನಲ್ಲಿ ಇದೇ ಊರಿನಲ್ಲಿ ಮೊದಲು ಹಾರಿದ ವಿಮಾನ ಅದು. ಅದರ ರೆಕ್ಕೆಯ ಕೋನ, ಚಕ್ರದ ಬಾಗಿಲು, ತಗಡಿನ ಜೋಡಣೆಯ ಗೆರೆ ಇವನ್ನೆಲ್ಲ ತಿಳಿಯಲು ಅದಕ್ಕಿಂತ ಒಳ್ಳೆಯ ಆಕರ ಇಲ್ಲ.

ಆದರೆ ಬಿಸಿಲು–ಮಳೆಯಲ್ಲಿ ನಿಲ್ಲುವ ಯಾವುದೇ ಪ್ರದರ್ಶನ ವಿಮಾನಕ್ಕೆ ಕಾಲಕಾಲಕ್ಕೆ ಹೊಸ ಬಣ್ಣ ಬೇಕಾಗುತ್ತದೆ. ಜಗತ್ತಿನ ಎಲ್ಲ ಕಡೆಯೂ ಹೀಗೆಯೇ. ಹಾಗೆ ಹಚ್ಚುವ ಬಣ್ಣದ ಉದ್ದೇಶ ತುಕ್ಕು ಹಿಡಿಯದಿರಲಿ, ನೋಡಲು ಚೆನ್ನಾಗಿರಲಿ ಎಂಬುದು. ಸೇವೆಯಲ್ಲಿದ್ದಾಗಿನ ಬಣ್ಣಕ್ಕೆ ಅದನ್ನು ಸಾಕ್ಷಿ ಮಾಡುವುದು, ಅಜ್ಜನ ಮನೆಯ ಈಗಿನ ಗೋಡೆ ನೋಡಿ ಅವರ ಮದುವೆ ಕಾಲದ ಬಣ್ಣ ಹೇಳಿದಂತೆ.

ನಂಬಿಕೆ 5: ಮಾದರಿಗೆ ಬಣ್ಣ ತಿಳಿ ಮಾಡಬೇಕು, ಏಕೆಂದರೆ ನಡುವೆ ಗಾಳಿ ಇರುತ್ತದೆ

ಈ ಹವ್ಯಾಸದ ಅತಿ ಪ್ರಸಿದ್ಧ 'ವೈಜ್ಞಾನಿಕ' ವಾದ ಇದು. ದೂರದ ಬೆಟ್ಟ ತಿಳಿನೀಲಿಯಾಗಿ ಕಾಣುತ್ತದೆ, ಏಕೆಂದರೆ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ. ಪುಟ್ಟ ಮಾದರಿ ನೋಡುವುದೆಂದರೆ ದೊಡ್ಡ ವಿಮಾನವನ್ನು ದೂರದಿಂದ ನೋಡಿದಂತೆ. ಆದ್ದರಿಂದ 1/72 ಮಾದರಿಯ ಬಣ್ಣಕ್ಕೆ ಸುಮಾರು 15% ಬಿಳಿ ಬೆರೆಸಿ ಎಂದು ಹೇಳುವುದುಂಟು.

ಲೆಕ್ಕ ಹಾಕಿ ನೋಡೋಣ. ಮಾದರಿಯನ್ನು ಅರ್ಧ ಮೀಟರ್ ದೂರದಿಂದ ನೋಡುತ್ತೀರಿ. ಅದನ್ನು 72ರಿಂದ ಗುಣಿಸಿದರೆ 36 ಮೀಟರ್. ಅಂದರೆ ನಿಜ ವಿಮಾನವನ್ನು ರಸ್ತೆಯ ಆಚೆ ಬದಿಯಿಂದ ನೋಡಿದಷ್ಟು ದೂರ. 20 ಕಿ.ಮೀ. ತನಕ ಕಣ್ಣು ಹಾಯುವ ಸ್ವಚ್ಛ ದಿನದಲ್ಲಿ, 36 ಮೀಟರ್ ಗಾಳಿ ಬಣ್ಣದ ವ್ಯತ್ಯಾಸವನ್ನು ಮಸುಕು ಮಾಡುವುದು ಶೇ. 1ಕ್ಕಿಂತ ಕಡಿಮೆ. ಮಬ್ಬು ಕವಿದು ದೃಷ್ಟಿ 5 ಕಿ.ಮೀ.ಗೆ ಇಳಿದರೂ ಅದು ಸುಮಾರು ಶೇ. 3 ಅಷ್ಟೆ. 15% ಬಿಳಿಗೆ ಗಾಳಿ ಕಾರಣವಾಗಲಾರದು.

ಆದರೂ ಡಬ್ಬಿಯ ಬಣ್ಣ ಹಾಗೆಯೇ ಹಚ್ಚಿದರೆ ಮಾದರಿ ಕಪ್ಪಗೆ ಕಾಣುತ್ತದೆ ಎಂಬ ಅನುಭವ ಸುಳ್ಳಲ್ಲ. ಕಾರಣ ಬೇರೆ. ನಡು ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಮನೆಯೊಳಗಿನ ದೀಪ ಕೆಲವು ನೂರು ಲಕ್ಸ್. ಬೆಳಕು ಹೆಚ್ಚಿದಷ್ಟೂ ಬಣ್ಣ ಹೆಚ್ಚು ಉಜ್ವಲವಾಗಿ, ವ್ಯತ್ಯಾಸಗಳು ಹೆಚ್ಚು ಸ್ಪಷ್ಟವಾಗಿ ನಮ್ಮ ಕಣ್ಣಿಗೆ ಕಾಣುತ್ತವೆ. ಜೊತೆಗೆ, ದೊಡ್ಡ ಗೋಡೆಯ ಮೇಲೆ ಹಚ್ಚಿದ ಬಣ್ಣ ಅಂಗಡಿಯ ಪುಟ್ಟ ಚೀಟಿಯಲ್ಲಿ ಕಂಡದ್ದಕ್ಕಿಂತ ತಿಳಿಯಾಗಿ ಕಾಣುವುದನ್ನು ನೀವೂ ಗಮನಿಸಿರಬಹುದು. ನಿಜ ವಿಮಾನದ ಬಣ್ಣ ಬಿಸಿಲಿಗೆ ಮಾಸಿಯೂ ಇರುತ್ತದೆ. ಹೀಗಾಗಿ ತುಸು ತಿಳಿ ಮಾಡುವುದು ತಪ್ಪಲ್ಲ. ಶೇಕಡಾವಾರು ಸೂತ್ರ ಮಾತ್ರ ನಿಯಮವಲ್ಲ. ಮಾದರಿ ಎಲ್ಲಿ ಇರುತ್ತದೋ ಆ ಬೆಳಕಿನಲ್ಲಿ ನೋಡಿ ನಿರ್ಧರಿಸಬೇಕಾದ ಸಂಗತಿ. ಬಿಳಿಯ ಬದಲು ಅದೇ ಬಣ್ಣದ ತಿಳಿ ಛಾಯೆ ಬೆರೆಸುವುದು ಮೇಲು. ಬರೀ ಬಿಳಿ ಬೆರೆಸಿದರೆ ಬಣ್ಣ ಸೀಮೆಸುಣ್ಣ ಬಳಿದಂತೆ ಪೇಲವವಾಗುತ್ತದೆ.

ಇನ್ನೊಂದು ಎಚ್ಚರ: ಟ್ಯೂಬ್‌ಲೈಟ್‌ನಲ್ಲಿ ಒಂದೇ ಎಂದು ಕಂಡ ಎರಡು ಹಸಿರುಗಳು ಬಿಸಿಲಲ್ಲಿ ಬೇರೆಬೇರೆಯಾಗಿ ಕಾಣಬಹುದು. ಎರಡು ಬಣ್ಣಗಳಲ್ಲಿನ ರಾಸಾಯನಿಕ ಪುಡಿಗಳು ಬೇರೆಯಾಗಿದ್ದಾಗ ಹೀಗಾಗುತ್ತದೆ. ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವಾಗ ಅಂಗಡಿಯಿಂದ ಹೊರಗೆ ತಂದು ಬೆಳಕಿಗೆ ಹಿಡಿಯುತ್ತಾರಲ್ಲ, ಅದೇ ಜಾಣ್ಮೆ ಇಲ್ಲಿಯೂ ಬೇಕು.

ಅಂಚು ಚೂಪೋ, ಮಸುಕೋ?

ಇಲ್ಲಿ 72 ಮತ್ತೆ ಕೆಲಸಕ್ಕೆ ಬರುತ್ತದೆ. ನಿಜ ವಿಮಾನದಲ್ಲಿ ಹಸಿರು ಮತ್ತು ಕಂದು ಒಂದರೊಳಗೊಂದು ಬೆರೆಯುವ ಅಂಚು ಒಂದು ಅಂಗುಲ, ಅಂದರೆ 25 ಮಿ.ಮೀ. ಇತ್ತು ಎಂದುಕೊಳ್ಳಿ. ಮಾದರಿಯಲ್ಲಿ ಅದು 0.35 ಮಿ.ಮೀ. ಬರಿಗಣ್ಣಿಗೆ ಬಹುತೇಕ ಚೂಪಾದ ಗೆರೆ. ಏರ್‌ಬ್ರಷ್ ಇದೆ ಎಂದು ಕೈಬಿಟ್ಟು ಸಿಂಪಡಿಸಿ ಅಂಚನ್ನು 3 ಮಿ.ಮೀ. ಮಸುಕು ಮಾಡಿದರೆ, ನಿಜ ವಿಮಾನದಲ್ಲಿ ಅದು 20 ಸೆಂ.ಮೀ.ಗೂ ಹೆಚ್ಚಾಗುತ್ತದೆ. ಬ್ರಷ್ಷಿನಲ್ಲಿ ಎಚ್ಚರದಿಂದ ಎಳೆದ ಗೆರೆಯೇ ಅದಕ್ಕಿಂತ ನಿಜಕ್ಕೆ ಹತ್ತಿರ. 'ಏರ್‌ಬ್ರಷ್ ಇಲ್ಲದೆ ಒಳ್ಳೆಯ ಮಾದರಿ ಸಾಧ್ಯವಿಲ್ಲ' ಎನ್ನುವವರಿಗೆ ಈ ಲೆಕ್ಕ ತೋರಿಸಿ. ಆದರೆ ಅದೇ ಕಾಲದ ಜರ್ಮನ್ ಮೆಸರ್‌ಸ್ಮಿಟ್ ಫೈಟರ್‌ಗಳ ಪಕ್ಕದಲ್ಲಿ ಕಾಣುವ ಮೋಡದಂಥ ಮಸುಕು ಚುಕ್ಕೆಗಳಿಗೆ ಏರ್‌ಬ್ರಷ್ ಬೇಕೇ ಬೇಕು ಅನ್ನಿ.

ಬಣ್ಣದ ದಪ್ಪಕ್ಕೂ ಇದೇ ಲೆಕ್ಕ. ಕೂದಲೆಳೆಗಿಂತ ತೆಳುವಾದ 0.025 ಮಿ.ಮೀ. ಪದರವೂ ಅಳತೆಗೆ ಏರಿಸಿದರೆ 1.8 ಮಿ.ಮೀ. ದಪ್ಪದ ಬಣ್ಣ! ಅದಕ್ಕೇ ತೆಳುವಾದ ಎರಡು–ಮೂರು ಕೋಟ್ ಹಚ್ಚಿ ಎನ್ನುವುದು.

ಕ್ರಮ ಸರಳ. ಮೊದಲು ಕೆಳಭಾಗದ ತಿಳಿಬಣ್ಣ, ಆಮೇಲೆ ಮೇಲ್ಭಾಗಕ್ಕೆಲ್ಲ ಕಂದು, ಅದು ಪೂರ್ತಿ ಒಣಗಿದ ಮೇಲೆ ಕಂದು ಉಳಿಯಬೇಕಾದಲ್ಲಿ ಟೇಪ್ ಮುಚ್ಚಿ ಹಸಿರು. 'ಪೂರ್ತಿ ಒಣಗಿದ ಮೇಲೆ' ಎಂಬುದನ್ನು ನಾನು ಕಲಿತದ್ದು ನನ್ನ ಮೊದಲ ಮಾದರಿಯಲ್ಲಿ. ಮುಟ್ಟಿದರೆ ಅಂಟುವುದಿಲ್ಲ ಎಂದು ಟೇಪ್ ಹಚ್ಚಿದೆ. ಟೇಪ್ ಜೊತೆ ಎಡ ರೆಕ್ಕೆಯ ಕಂದು ಬಣ್ಣವೂ ಎದ್ದುಬಂತು. ಮೇಲ್ಮೈ ಒಣಗುವುದು ಬೇರೆ, ಪದರ ಗಟ್ಟಿಯಾಗುವುದು ಬೇರೆ.

ಚಿಹ್ನೆಯ ಡಿಕಾಲ್ ಅಂಟಿಸುವ ಮುಂಚೆ ಹೊಳಪಿನ ವಾರ್ನಿಷ್ ಹಚ್ಚುವುದಕ್ಕೂ ಕಾರಣ ಇದೆ. ಮ್ಯಾಟ್ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಒರಟು. ಡಿಕಾಲ್ ಕೆಳಗಿನ ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಬೆಳಕನ್ನು ಚದುರಿಸಿ, ಪಾರದರ್ಶಕ ಅಂಚು ಬೆಳ್ಳಿಯಂತೆ ಹೊಳೆಯುತ್ತದೆ. ವಾರ್ನಿಷ್ ತಗ್ಗು ತುಂಬುತ್ತದೆ. ಕೊನೆಗೆ ಮ್ಯಾಟ್ ವಾರ್ನಿಷ್ ಹಚ್ಚಿದರೆ ಹೊಳಪು ಮಾಯ.

ನಂಬಿಕೆ 6: ನೀರಿನ ಬಣ್ಣವಾದ್ದರಿಂದ ಮಾಸ್ಕ್ ಬೇಡ

ಬಣ್ಣದ ಛಾಯೆ ತಪ್ಪಾದರೆ ನಷ್ಟವಿಲ್ಲ. ಇಲ್ಲಿ ತಪ್ಪಿದರೆ ಇದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಬ್ರಷ್ಷಿನಲ್ಲಿ ಹಚ್ಚುವಾಗ ಅಪಾಯ ಬಹಳ ಕಡಿಮೆ, ನಿಜ. ಆದರೆ ಏರ್‌ಬ್ರಷ್ ಅದೇ ಬಣ್ಣವನ್ನು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ನೀರು ಆವಿಯಾದರೂ ಬಣ್ಣದ ಪುಡಿ ಮತ್ತು ಪ್ಲಾಸ್ಟಿಕ್ ಅಂಟು ಗಾಳಿಯಲ್ಲಿ ತೇಲಿ ಉಸಿರಿನ ಜೊತೆ ಒಳಗೆ ಹೋಗುತ್ತವೆ.

ಥಿನ್ನರ್ ಬೆರೆಸುವ ಎನಾಮಲ್, ಲ್ಯಾಕರ್ ಬಣ್ಣಗಳಲ್ಲಿ ಇದರ ಜೊತೆ ದ್ರಾವಕದ ಆವಿಯೂ ಸೇರುತ್ತದೆ. ಕೊರೋನಾ ಕಾಲದಲ್ಲಿ ತಂದಿಟ್ಟ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಆವಿಯನ್ನಲ್ಲ. ಆವಿಗೆ ಸಕ್ರಿಯ ಇಂಗಾಲದ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಮೂಗಿಗೆ ವಾಸನೆ ಬರುತ್ತಿಲ್ಲ ಎಂಬುದು ಸುರಕ್ಷತೆಯ ಗುರುತಲ್ಲ. ಸ್ವಲ್ಪ ಹೊತ್ತಿನಲ್ಲಿ ಮೂಗು ವಾಸನೆಗೆ ಒಗ್ಗಿಹೋಗುತ್ತದೆ.

ಹೊಳಪು ಚೆನ್ನಾಗಿ ಬರುತ್ತದೆಂದು ಕೆಲವರು ಕಾರಿಗೆ ಹೊಡೆಯುವ, ಎರಡು ದ್ರವ ಬೆರೆಸುವ ಕ್ಲಿಯರ್ ಕೋಟ್ ಬಳಸುತ್ತಾರೆ. ಇಂಥವುಗಳ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೊಸೈನೇಟ್ ಇರುತ್ತದೆ. ಅದು ಅಸ್ತಮಾ ಉಂಟುಮಾಡಬಲ್ಲದು, ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡಬಹುದು. ಮನೆಯೊಳಗೆ ಇದು ಬೇಡವೇ ಬೇಡ.

ಉಳಿದದ್ದಕ್ಕೆ: ಹೊರಗೆ ಗಾಳಿ ತಳ್ಳುವ ಫ್ಯಾನ್ ಇರುವ ಕಿಟಕಿಯ ಬಳಿ ಕೂರಿ. ಥಿನ್ನರ್ ಬಳಸುವಾಗ ಹತ್ತಿರ ಒಲೆ, ದೀಪ, ಊದಿನಕಡ್ಡಿ ಬೇಡ. ಒಣಗಿದ ಬಣ್ಣವನ್ನು ಉಜ್ಜುವಾಗ ನೀರು ಹಾಕಿ ಉಜ್ಜಿ, ಪುಡಿ ಹಾರುವುದಿಲ್ಲ. ಮಕ್ಕಳು ಜೊತೆಗಿದ್ದರೆ ಬ್ರಷ್ ಮತ್ತು ನೀರಿನ ಬಣ್ಣ ಸಾಕು.

ಹಾಗಾದರೆ ಏನು ಮಾಡಬೇಕು?

'ಒಂದು ಸ್ಪಿಟ್‌ಫೈರ್' ಮಾಡಲು ಹೊರಡಬೇಡಿ. ಒಂದು ನಿರ್ದಿಷ್ಟ ಸ್ಪಿಟ್‌ಫೈರ್ ಅನ್ನು, ಒಂದು ನಿರ್ದಿಷ್ಟ ತಿಂಗಳಲ್ಲಿ ಆರಿಸಿಕೊಳ್ಳಿ. ಆ ತಿಂಗಳ ನಿಯಮ ಏನಿತ್ತು ನೋಡಿ. ಅದೇ ವಿಮಾನದ ಫೋಟೋ ಸಿಕ್ಕರೆ ಆಕಾರ ಮತ್ತು ಅಂಚಿಗೆ ಅದನ್ನು ಅನುಸರಿಸಿ. ಬಣ್ಣದ ಡಬ್ಬಿಯ ಹೆಸರನ್ನಷ್ಟೇ ನಂಬದೆ, ಹಳೆಯ ಪ್ಲಾಸ್ಟಿಕ್ ತುಂಡಿನ ಮೇಲೆ ಹಚ್ಚಿ, ಒಣಗಿಸಿ, ಮಾದರಿ ಇಡುವ ಜಾಗದ ಬೆಳಕಿನಲ್ಲಿ ನೋಡಿ. ಎರಡು ಕಂಪನಿಗಳ ಒಂದೇ ಹೆಸರಿನ ಬಣ್ಣಗಳು ಬೇರೆಬೇರೆ ಕಂಡರೆ ಗಾಬರಿ ಬೇಡ. 1940ರಲ್ಲೂ ಹಾಗೆಯೇ ಇತ್ತು.

ಇಷ್ಟು ಮಾಡಿದ ಮೇಲೆ ಯಾರಾದರೂ "ಹಸಿರು ಸ್ವಲ್ಪ ಗಾಢವಾಯಿತು" ಎಂದರೆ, "ಹೇಗೆ ಗೊತ್ತು?" ಎಂದು ಕೇಳಿ. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಲು. ಅವರ ಉತ್ತರ ಒಂದು ದಿನಾಂಕವೋ ದಾಖಲೆಯೋ ಆಗಿದ್ದರೆ ನೀವು ಹೊಸದೊಂದು ಕಲಿತಿರಿ. "ಇಂಟರ್‌ನೆಟ್‌ನಲ್ಲಿ ನೋಡಿದೆ" ಎಂದಾಗಿದ್ದರೆ ನಿಮ್ಮ ಹಸಿರು ಇರುವಂತೆಯೇ ಇರಲಿ.